ಬೆಂಚಿನ ಪುಂಡಲೀಕ

ಕೋಡಿಬಾಗದಲ್ಲಿ ಬಸ್ಸಿಳಿದು ಕೇಳಿದೆ,
ಪುಂಡಲೀಕ ತಾಂಡೇಲರ ಮನೆ ಎಲ್ಲಿ?
ಯಾವ ಪುಂಡಲೀಕ, ಅಂದ ಗೂಡಂಗಡಿಯವ,
ಐಸ್ ಫ್ಯಾಕ್ಟರಿಯವನೋ, ಕೂತು ದುಡಿದವನೋ?

ಕೂತವನು, ಅಂದೆ.
ನಾಚಿಕೆಯಾಯಿತು, ಆದರೂ ಹಾಗೇ ಅಂದೆ.

ಹದಿನೇಳು ವರ್ಷ ಎರಡನೇ ಗೋಲಿ.
ವಾಸ್ಕೊ, ಮಡಗಾಂವ್, ಮಾಪ್ಸಾ, ಮುಂಬಯಿಯ ಒಂದು ಬ್ಯಾಂಕು,
ಮತ್ತೆ ವಾಸ್ಕೊ, ಕೊನೆಗೆ
ಸಂಬಳ ತಡಮಾಡುವ ಒಂದು ಗಣಿ ಕಂಪನಿ.
ಬಣ್ಣ ಬದಲಾದರೂ ಬೆನ್ನ ಮೇಲೆ ಅದೇ ಇಪ್ಪತ್ತೆರಡು.
ಆಡಿದ್ದು ಹನ್ನೊಂದು ಪಂದ್ಯ,
ಅದರಲ್ಲಿ ನಾಲ್ಕು, ನಿಜ ಹೇಳಬೇಕೆಂದರೆ, ಅರ್ಧರ್ಧ.

ಅಂಗಿ ಒಗೆಯುವಾಗ ಅವನ ಆಯಿ ಮೂಸಿ ನೋಡುತ್ತಿದ್ದಳಂತೆ.
ಬೆವರಿಲ್ಲ, ಕೆಸರಿಲ್ಲ, ಹುಲ್ಲಿನ ಕಲೆಯಿಲ್ಲ.
ಮ್ಯಾಚಿಗೆ ಹೋಗಿದ್ದೆಯೋ, ಮದುವೆಗೋ?

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು
ಅಂತ ಗಾದೆ. ಇವನು ಕೂತೇ
ಚಿರೆಕಲ್ಲಿನ ನಾಲ್ಕು ಕೋಣೆ ಕಟ್ಟಿಸಿದ,
ತಂಗಿಯರಿಬ್ಬರ ಮದುವೆ ಮಾಡಿದ,
ಅಪ್ಪನ ದೋಣಿಗೆ ಎಂಜಿನ್ ಕೂಡಿಸಿದ.

ಆ ದೋಣಿಯಲ್ಲಿ ಒಂದು ಹಗ್ಗದ ಸುರುಳಿ, ಹೊಸದು,
ಇರಲಿ ಅಂತ ಇಟ್ಟದ್ದು.
ಇಪ್ಪತ್ತು ಮಳೆಗಾಲ ಯಾರೂ ಬಿಚ್ಚಲಿಲ್ಲ.
ಬಿಚ್ಚದೆಯೇ ಹಳತಾಯಿತು.
ಇದನ್ನು ಹೇಳಿದ್ದು ಅವನೇ, ನಗುತ್ತ.
ನಾನು ನಗಲಿಲ್ಲ.

ಪಂಢರಪುರದ ಕಥೆ ಎಲ್ಲರಿಗೂ ಗೊತ್ತು:
ಪುಂಡಲೀಕ ಇಟ್ಟಿಗೆ ಎಸೆದ, ಇರು ಅಂದ,
ದೇವರು ಸೊಂಟಕ್ಕೆ ಕೈಯಿಟ್ಟು ಇನ್ನೂ ಕಾಯುತ್ತಿದ್ದಾನೆ.
ನಮ್ಮ ಪುಂಡಲೀಕನಿಗೆ ಯಾರೋ ಬೆಂಚು ಎಸೆದರು.
ನಾನೇ ಇರಬೇಕು.
ವಾಸ್ಕೊದಲ್ಲಿ ಎರಡು ವರ್ಷ ಒಂದನೇ ನಂಬರು ನಾನು,
ಅಂಕೋಲೆಯವ, ಅವನಿಗಿಂತ ಒಂಬತ್ತು ವರ್ಷ ಚಿಕ್ಕವ.

ಪಂದ್ಯಕ್ಕೆ ಮೊದಲು ನಲವತ್ತು ನಿಮಿಷ
ನನ್ನತ್ತ ಚೆಂಡು ಒದೆಯುವುದು ಅವನ ಕೆಲಸ.
ಎಡಕ್ಕೆ, ಬಲಕ್ಕೆ, ಎದೆಗೆ, ನೆಲಕ್ಕೆ ಬಡಿದು ಪುಟಿಯುವ ಹಾಗೆ.
ನನ್ನ ಕೈ ಬಿಸಿಯಾಗುವಷ್ಟರಲ್ಲಿ ಅವನು ದಣಿದಿರುತ್ತಿದ್ದ.
ಆಮೇಲೆ ತೊಂಬತ್ತು ನಿಮಿಷ ತಣ್ಣಗಾಗುವುದು.

ನನಗೆ ಕೆಂಪು ಕಾರ್ಡ್ ಸಿಕ್ಕ ದಿನ ಇಪ್ಪತ್ತು ನಿಮಿಷ ಒಳಗೆ ಹೋದ.
ಚೆಂಡು ಅವನ ಬಳಿ ಬಂದದ್ದು ಒಮ್ಮೆ,
ನಮ್ಮವನೇ ತಲೆಯಿಂದ ಹಿಂದಕ್ಕೆ ಕೊಟ್ಟದ್ದು.
ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ,
ಜೋಪಾನವಾಗಿ, ತಿರುಗಿ ಕೊಡಬೇಕಾದದ್ದು ಅಂತ.

ಅವನದೊಂದು ಕಾಪಿ ಪುಸ್ತಕ, ಪೆನ್ಸಿಲ್ಲಿನ ಕನ್ನಡ:
“ಒಂಬತ್ತನೇ ನಂಬರು. ನೋಡುವ ಮೂಲೆ ಒಂದು, ಒದೆಯುವುದು ಇನ್ನೊಂದು.
ಹೆದರಿದರೆ ಸಾಕ್ಸ್ ಎಳೆದುಕೊಳ್ಳುತ್ತಾನೆ.”
ಫೈನಲ್ ಪಂದ್ಯದಲ್ಲಿ, ಪೆನಾಲ್ಟಿಗೆ ಮೊದಲು, ಆ ಮನುಷ್ಯ ಸಾಕ್ಸ್ ಎಳೆದುಕೊಂಡ.
ಅವನು ನೋಡದ ಮೂಲೆಗೆ ಹಾರಿದೆ.
ಮರುದಿನದ ಪೇಪರಿನಲ್ಲಿ ನನ್ನ ಫೋಟೋ;
ಹಿಂದೆ, ಮಸುಕಾಗಿ, ಖಾಲಿ ಬೆಂಚು,
ಎದ್ದು ನಿಂತ ಯಾರದೋ ಕಾಲು.

ಇದನ್ನು ಹೇಳಲಿಕ್ಕೆ ಬಂದದ್ದಲ್ಲ.

ಆ ಡಿಸೆಂಬರಿನಲ್ಲಿ ನನ್ನ ಉಂಗುರದ ಬೆರಳು ಮುರಿದಿತ್ತು.
ಡಾಕ್ಟರಿಗೆ ತೋರಿಸಿದರೆ ಆರು ವಾರ.
ಆರು ವಾರ ಅವನು ಚೆನ್ನಾಗಿ ಆಡಿಬಿಟ್ಟರೆ?
ಟೇಪು ಸುತ್ತಿದವನು ಅವನೇ,
ಬಲೆ ಹೆಣೆದು ಪಳಗಿದ ಕೈ.
ಪಕ್ಕದ ಬೆರಳಿಗೆ ಜೋಡಿಸಿ, ಹಲ್ಲಿನಿಂದ ಹರಿದು, ಕೇಳಿದ:
ನೋವುಂಟಾ?
ಇಲ್ಲ, ಅಂದೆ.
ಉಗುರು ನೀಲಿಯಾಗಿತ್ತು. ನೋಡಿದ.
ಆಡು, ಅಂದ.
ಹಾಗೆ ಐದು ಪಂದ್ಯ.

ಈಗ ಜಗಲಿಯಲ್ಲಿ ಕೂತಿದ್ದೇವೆ.
ಬೆಳಿಗ್ಗೆ ಮಾಲಾದೇವಿ ಮೈದಾನದಲ್ಲಿ ಹುಡುಗರಿಗೆ ಕಲಿಸುತ್ತಾನಂತೆ,
ಯಾರಿಗೂ ಗೋಲಿಗೆ ನಿಲ್ಲುವ ಮನಸ್ಸಿಲ್ಲವಂತೆ.
ಕಾಳಿ ಸಮುದ್ರ ಸೇರುವ ಕಡೆ ಬಿಸಿಲು ಇಳಿಯುತ್ತಿದೆ,
ಸೇತುವೆಯ ಮೇಲೆ ಗೋವೆಯ ಲಾರಿಗಳು.
ಬಸ್ಸಿನಲ್ಲಿ ಎರಡು ಸಲ ಹೇಳಿ ನೋಡಿಕೊಂಡ ಮಾತು
ಬಾಯಿಯವರೆಗೆ ಬಂದು, ಚಹಾ ಕುಡಿದು, ಹಿಂದೆ ಹೋಗುತ್ತದೆ.

ಅವನು ನನ್ನ ಲೋಟದತ್ತ ನೋಡಿದ.
ಉಳಿದ ಬೆರಳೆಲ್ಲ ಸುತ್ತಿಕೊಂಡಿದ್ದವು,
ಒಂದು ಮಾತ್ರ ನೆಟ್ಟಗೆ, ಹೊರಗೆ.
ಅದು ಇನ್ನೂ ಮಡಚೋದಿಲ್ವಾ, ಅಂದ.

ಒಳಗೆ ಹೋಗಿ
ಹಿಡಿಕೆಯಿರುವ ಕಪ್ಪು ತಂದ.